ಗುಡ್ಡ ಇಳಿದು ಬಂದ ಬಸವಣ್ಣ

ನಾನು ಬೆಟಗೇರಿಯ ಮಗ್ಗದ ಮನೆಯ ಮಗಳು. ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದು ಮಗ್ಗದ ಸದ್ದು, ಮೂಗಿಗೆ ಬಡಿದದ್ದು ನೂಲಿಗೆ ಹಚ್ಚುವ ಗಂಜಿಯ ವಾಸನೆ. ಸಗಣಿ ಎಂದರೆ ನೆಲ ಸಾರಿಸಲು ಯಾರೋ ಬುಟ್ಟಿಯಲ್ಲಿ ತಂದು ಕೊಡುವ ವಸ್ತು ಎಂದಷ್ಟೇ ಗೊತ್ತಿತ್ತು. ಅಂಥವಳನ್ನು ಕಪ್ಪತಗುಡ್ಡದ ಬುಡದ ಒಂದು ಹಳ್ಳಿಗೆ ಕೊಟ್ಟರು. ಆ ಕಡೆ ಮುಂಡರಗಿ, ಈ ಕಡೆ ಶಿರಹಟ್ಟಿ, ನಡುವೆ ಗುಡ್ಡ. ಮನೆಯ ತಲಬಾಗಿಲು ದಾಟಿದರೆ ಮೊದಲು ದನಗಳು, ಅವುಗಳ ಆಚೆಗಿನ ಕಟ್ಟೆಯ ಮೇಲೆ ಮನುಷ್ಯರು. ಹೊಸ ಸೀರೆ ಉಟ್ಟು ಒಳಗೆ ಕಾಲಿಟ್ಟ ಕೂಡಲೇ ಒಂದು ಎತ್ತು ನನ್ನ ಸೆರಗನ್ನು ಬಾಯಿಗೆ ಹಾಕಿಕೊಂಡಿತು. ನಾನು ಕಿಟಾರನೆ ಕಿರುಚಿದೆ. ನಮ್ಮತ್ತೆ ನಗುತ್ತ, "ಹೆದರಬ್ಯಾಡವಾ, ಅವ ನಿನ್ನ ಮೈದುನ ಇದ್ದಂಗ" ಎಂದರು. ಎತ್ತನ್ನು ಮೈದುನ ಎನ್ನುವ ಮನೆಗೆ ನನ್ನನ್ನು ನೂಕಿದ ಅವ್ವನ ಮೇಲೆ ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾವು ಮುಂಬಯಿ ಪ್ರಾಂತ್ಯದವರು. ಗುಡ್ಡದಾಚೆಯ ಶಿರಹಟ್ಟಿ ಮೊದಲು ಸಂಸ್ಥಾನದ ಊರು, ಆಗಷ್ಟೇ ಅದೂ ಮುಂಬಯಿಗೆ ಸೇರಿತ್ತು. ತುಂಗಭದ್ರೆ ದಾಟಿದರೆ ಮದರಾಸು, ಇನ್ನೊಂದು ದಿಕ್ಕಿಗೆ ಹೋದರೆ ಹೈದರಾಬಾದು. ಎಲ್ಲ ಕಡೆಯೂ ಆಡುವ ಮಾತು ಕನ್ನಡವೇ. ನಮ್ಮವರು (ಗಂಡನ ಹೆಸರು ಹೇಳುವ ರೂಢಿ ನನಗೆ ಈಗಲೂ ಇಲ್ಲ) ಕನ್ನಡದವರೆಲ್ಲ ಒಂದಾಗಬೇಕು ಎನ್ನುವ ಸಭೆಗಳಿಗೆ ಗದಗಿಗೆ ಹೋಗಿ, ಗಂಟಲು ಹರಿದುಕೊಂಡು ಬರುತ್ತಿದ್ದರು. "ಮೊದ್ಲ ನಿಮ್ಮವ್ವ, ನೀವು, ನಾನು ಒಂದಾಗೂಣ್ರಿ. ಆಮ್ಯಾಲೆ ಕರ್ನಾಟಕದ ಚಿಂತಿ ಮಾಡೂಣ" ಎಂದು ನಾನು ಕಾಲೆಳೆಯುತ್ತಿದ್ದೆ. ಅವರಿಗೆ ನಗು ಬರುತ್ತಿತ್ತು, ಆದರೆ ಅತ್ತೆಗೆ ಕೇಳಿಸೀತು ಎಂದು ನಗುತ್ತಿರಲಿಲ್ಲ.

ಅತ್ತೆಗೂ ನನಗೂ ಆಗಿಬರುತ್ತಿರಲಿಲ್ಲ ಎನ್ನುವುದು ಖರೆ. ಅವರು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹೊಲ, ಮನೆ, ದನ ಮೂರನ್ನೂ ಒಬ್ಬರೇ ನಡೆಸಿದ ಹೆಂಗಸು. ನನ್ನ ರೊಟ್ಟಿ ಅವರಿಗೆ ದಪ್ಪ, ನನ್ನ ಮಾತು ಅವರಿಗೆ ಉದ್ದ. ಆದರೆ ಮಗಳು ಹುಟ್ಟಿದ ಮೇಲೆ ನಾನು ಅವರನ್ನು ನೋಡುವ ಕಣ್ಣೇ ಬೇರೆಯಾಯಿತು.

ಬೆಟಗೇರಿಯ ತವರಿನಲ್ಲಿ ಹೆರಿಗೆಯಾಯಿತು. ಬಾಣಂತನದಲ್ಲಿ ಜ್ವರ ಏರಿ ನಾನು ಉಳಿದದ್ದೇ ಹೆಚ್ಚು. ಎದ್ದು ಕೂರುವ ಹೊತ್ತಿಗೆ ಎದೆಯಲ್ಲಿ ಹಾಲು ಬತ್ತಿ ಹೋಗಿತ್ತು. ಕೂಸು ಚೀಪಿ ಚೀಪಿ ಸೋತು ಅಳುತ್ತಿತ್ತು, ಅದನ್ನು ನೋಡಿ ನಾನೂ ಅಳುತ್ತಿದ್ದೆ. ಓಣಿಗೆ ಬರುತ್ತಿದ್ದ ಹಾಲಿನಲ್ಲಿ ಹಾಲಿಗಿಂತ ನೀರೇ ಹೆಚ್ಚು. ಕೂಸಿನ ಹೊಟ್ಟೆ ಕೆಟ್ಟು, ಕೈಕಾಲು ಕಡ್ಡಿಯಾದವು. ಸುದ್ದಿ ಮುಟ್ಟಿದ್ದೇ ತಡ, ಅತ್ತೆ ಬಂಡಿ ಕಟ್ಟಿಸಿಕೊಂಡು ಬಂದು ಇಳಿದರು. ಅವ್ವನೊಡನೆ ಜಗಳಕ್ಕೆ ನಿಲ್ಲಲಿಲ್ಲ, ನನಗೂ ಒಂದು ಮಾತು ಅನ್ನಲಿಲ್ಲ. ಕೂಸನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, "ಮನ್ಯಾಗ ಕೆಂದಾಕಳ ಈದೈತಿ. ನನ್ನ ಮೊಮ್ಮಗಳು ನೀರ್ಹಾಲು ಯಾಕ ಕುಡೀಬೇಕು? ಏಳು, ಹೋಗೂಣು" ಎಂದರು.

ಆ ಕೆಂದಾಕಳೇ ನನ್ನ ಮಗಳನ್ನು ಉಳಿಸಿತು. ಅತ್ತೆ ಬೆಳಿಗ್ಗೆ ಸಂಜೆ ತಾವೇ ಹಿಂಡುತ್ತಿದ್ದರು, ಬೇರೆ ಯಾರ ಕೈಯನ್ನೂ ಕೆಚ್ಚಲಿಗೆ ತಾಗಿಸಗೊಡುತ್ತಿರಲಿಲ್ಲ. ಹಾಲು ಕಾಸಿ, ಬೆರಳು ಅದ್ದಿ ಬಿಸಿ ನೋಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಹನಿ ಹನಿಯಾಗಿ ಕುಡಿಸುತ್ತಿದ್ದರು. ಬರಬರುತ್ತ ಕೂಸಿನ ಕೆನ್ನೆ ತುಂಬಿತು, ತೊಡೆಗಳಲ್ಲಿ ಮಡಿಕೆ ಬಿದ್ದವು. ಅದು ನಗಲು ಕಲಿತದ್ದು ಅತ್ತೆಯ ಮುಖ ನೋಡಿಯೇ. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಆದರೂ ಅತ್ತೆಯ ಕಾಲು ಹಿಡಿದುಕೊಳ್ಳಬೇಕು ಅನ್ನಿಸುತ್ತಿತ್ತು.

ಇನ್ನು ಬಸವಣ್ಣನ ಸಂಗತಿ. ನನ್ನ ಮದುವೆಗೂ ಮೊದಲು ನಮ್ಮವರಿಗೆ ವಿಷಮಜ್ವರ ಬಂದು ಆಸೆ ಬಿಡುವ ಹಾಗಾಗಿತ್ತಂತೆ. ಇದ್ದ ಒಬ್ಬನೇ ಮಗ. ಅವನು ಎದ್ದರೆ ಮನೆಯ ಹೋರಿಗರುವನ್ನು ದೇವರಿಗೆ ಬಿಡುತ್ತೇನೆ ಎಂದು ಅತ್ತೆ ಹರಕೆ ಹೊತ್ತರು. ಮಗ ಎದ್ದ, ಕರುವನ್ನು ಬಿಟ್ಟರು. ಅದು ಬೆಳೆದು ಊರ ಬಸವಣ್ಣನಾಯಿತು. ಬೆಳ್ಳಗಿನ ಮೈ, ಒಂದು ಕಡೆ ವಾಲಿದ ಡುಬ್ಬ. ಅದಕ್ಕೆ ಮೂಗುದಾರವಿಲ್ಲ, ಹಗ್ಗವಿಲ್ಲ. ಯಾರ ಹೊಲದಲ್ಲಿ ಮೇದರೂ ಹಚಾ ಎನ್ನುವಂತಿಲ್ಲ, ಕೋಲು ಎತ್ತುವ ಮಾತಂತೂ ದೂರವೇ. ಬೇಸಿಗೆಯಲ್ಲಿ ಹೊಲಗಳು ಬರಿದಾದಾಗ ಅದು ಗುಡ್ಡ ಏರಿ ಮೀಸಲು ಅಡವಿಯೊಳಗೆ ಹೋಗುತ್ತಿತ್ತು. ಅಲ್ಲಿ ಒಂದು ಹೊಂಡದಲ್ಲಿ ಬಿರುಬೇಸಿಗೆಯಲ್ಲೂ ನೀರು ನಿಲ್ಲುತ್ತಿತ್ತು. ಜಿಂಕೆ, ಕಾಡುಹಂದಿ, ಬಸವಣ್ಣ, ಎಲ್ಲರಿಗೂ ಆ ಹೊಂಡವೇ ಗತಿ.

ಮನಸ್ಸು ಬಂದಾಗ ಬಸವಣ್ಣ ಇಳಿದು ಊರಿಗೆ ಬರುತ್ತಿದ್ದ. ಬಂದರೆ ಊರಿಗೆಲ್ಲ ಹಬ್ಬ. ಮೊದಲು ನಮ್ಮ ಬಾಗಿಲು, ಆಮೇಲೆ ಓಣಿ ಓಣಿ. ಹೆಂಗಸರು ಬುಟ್ಟಿಯಲ್ಲಿ ಜೋಳದ ಕಣಿಕೆಯ ತುಂಡು, ನೆನೆಸಿದ ಹತ್ತಿಕಾಳು, ಸಜ್ಜೆ ರೊಟ್ಟಿ ಇಟ್ಟು ಕಾಯುತ್ತಿದ್ದರು. ಬಸವಣ್ಣ ಒಂದೊಂದು ಮನೆಯಲ್ಲಿ ಒಂದೆರಡು ಬಾಯಿ ತಿಂದು ಮುಂದೆ ಹೋಗುತ್ತಿದ್ದ. ಬುಟ್ಟಿಯಲ್ಲಿ ಉಳಿದ ಎಂಜಲನ್ನು ಯಾರೂ ಚೆಲ್ಲುತ್ತಿರಲಿಲ್ಲ. ಅದು ಪರಸಾದ. ಒಳಗೆ ಒಯ್ದು ಮನೆಯ ದನಗಳ ಗೋದಲಿಗೆ ಹಿಡಿ ಹಿಡಿಯಾಗಿ ಹಂಚುತ್ತಿದ್ದರು. ಅದನ್ನು ತಿಂದ ದನಕ್ಕೆ ಯಾವ ಬೇನೆಯೂ ತಾಗುವುದಿಲ್ಲ ಎಂಬ ನಂಬಿಕೆ. ಸುತ್ತಲಿನ ಊರುಗಳಲ್ಲೂ ಬಸವಣ್ಣಗಳಿದ್ದವು, ಆದರೆ ಈ ಎಂಜಲು ಹಂಚುವ ಪದ್ಧತಿಯನ್ನು ನಾನು ನಮ್ಮೂರಲ್ಲಿ ಮಾತ್ರ ಕಂಡೆ.

ಆ ವರ್ಷ ಹೊಳೆ ಬೇಗ ಬತ್ತಿತು. ಸಿಂಗಟಾಲೂರಿನ ಹತ್ತಿರ ಹೊಳೆ ದಾಟಿ, ಮೇವು ಹುಡುಕುತ್ತ ದನದ ಮಂದೆಗಳು ಬಂದವು, ಗುಡ್ಡದಂಚಿನಲ್ಲಿ ಕೆಲವು ದಿನ ತಂಗಿ ಹೋದವು. ಆಮೇಲೆ ಅಡವಿಯ ಗಾರ್ಡು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದ. ನೀರು ಕುಡಿದು ಅವನು ಹೇಳಿದ್ದು ಇಷ್ಟು: ಹೊಂಡದ ಸುತ್ತ ಹಂದಿಗಳು ಸತ್ತು ಬಿದ್ದಿವೆ, ಜಿಂಕೆಗಳು ಕಣ್ಣಲ್ಲಿ ನೀರು ಸುರಿಸುತ್ತ ನಿಂತಲ್ಲೇ ನಿಂತಿವೆ, ಹತ್ತಿರ ಹೋದರೂ ಓಡುವುದಿಲ್ಲ.

"ದೊಡ್ಡ ಬ್ಯಾನಿ" ಎಂದರು ಅತ್ತೆ. ಅಷ್ಟೇ ಅಂದು ಎದ್ದು ಹೋಗಿ ಕೆಂದಾಕಳ ಮೈ ಸವರುತ್ತ ನಿಂತರು.

ದೊಡ್ಡ ಬೇನೆ ಎಂದರೆ ಏನು ಎಂದು ನನಗೆ ತಿಳಿದಿರಲಿಲ್ಲ. ಅದು ಹೊಕ್ಕ ಕೊಟ್ಟಿಗೆಯಲ್ಲಿ ಒಂದು ಕರುವೂ ಉಳಿಯುವುದಿಲ್ಲ ಎಂದು ನಮ್ಮವರು ಹೇಳಿದರು. ನಾನು ಕೂಸಿನ ಕಡೆ ನೋಡಿದೆ. ಅದು ಒಳಲೆ ಕಚ್ಚಿಕೊಂಡು ಕಾಲು ಬಡಿಯುತ್ತಿತ್ತು. ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಆಕಳು ಇದ್ದರೆ ಕೂಸು, ಇಲ್ಲದಿದ್ದರೆ ಇಲ್ಲ.

ನಮ್ಮವರು ಅದೇ ದಿನ ಹೋಗಿ ದನದ ಡಾಕ್ಟರನ್ನು ಕರೆತಂದರು. ಇನ್ನೂ ಹರೆಯದ ಮನುಷ್ಯ, ಬಿಸಿಲಿಗೆ ಮುಖ ಕೆಂಪಾಗಿತ್ತು. ಗುಡಿಯ ಮುಂದೆ ಊರವರನ್ನು ಸೇರಿಸಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಚುಚ್ಚುವ ಮದ್ದು ಮಂಜುಗಡ್ಡೆಯಲ್ಲಿಟ್ಟು ರೈಲಿನಲ್ಲಿ ಗದಗಿಗೆ ಬರಬೇಕು. ಬಂದ ಕೂಡಲೇ ತರುತ್ತೇನೆ. ಅಲ್ಲಿಯ ತನಕ ದನಗಳನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಒಂದು ದನವೂ ಗುಡ್ಡಕ್ಕೆ ಹೋಗಬಾರದು, ಗುಡ್ಡದ ಕಡೆಯಿಂದ ಒಂದು ದನವೂ ಊರೊಳಗೆ ಬರಬಾರದು, ಬಂಡಿ ಹೂಡಿ ಊರ ಹೊರಗೆ ಹೋಗಬಾರದು. ಒಂದರ ಎಂಜಲು ಇನ್ನೊಂದು ಮುಟ್ಟಬಾರದು.

"ಎಲ್ಲಾ ದನಾ ಕಟ್ಟೀರೇನ್ರಿ? ಹೊರಗ ಒಂದೂ ಉಳಿದಿಲ್ಲಲ್ಲ?" ಎಂದು ಅವರು ಕೇಳಿದರು.

"ಎಲ್ಲಾ ಕಟ್ಟೇವ್ರಿ ಸಾಹೇಬ್ರ" ಎಂದರು ಹಿರಿಯರು.

ಅವರು ಸುಳ್ಳು ಹೇಳಲಿಲ್ಲ, ದೇವರಾಣೆ. ಅತ್ತೆ ಅಲ್ಲೇ ಇದ್ದರು, ನಮ್ಮವರೂ ಇದ್ದರು, ನಾನು ಕೂಸನ್ನು ಎತ್ತಿಕೊಂಡು ಹೆಂಗಸರ ಹಿಂದೆ ನಿಂತಿದ್ದೆ. ಒಬ್ಬರಿಗೂ ಬಸವಣ್ಣನ ನೆನಪಾಗಲಿಲ್ಲ. ಡಾಕ್ಟರು ಕೇಳಿದ್ದು ದನಗಳ ಸಂಗತಿ. ಬಸವಣ್ಣ ದನವೆಂದು ನಮ್ಮೂರಲ್ಲಿ ಯಾರೂ ಕನಸಿನಲ್ಲೂ ಎಣಿಸಿದವರಲ್ಲ.

ನಮ್ಮೂರವರನ್ನು ಹಳ್ಳಿ ಗಮಾರರು ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರು ಹೇಳಿದ್ದನ್ನೆಲ್ಲ ಮಾಡಿದರು. ಗುಡ್ಡದ ದಾರಿಗೆ ಜಾಲಿ ಕಂಟಿ ಕಡಿದು ಅಡ್ಡ ಹಾಕಿದರು, ಹಗಲೆಲ್ಲ ಪಾಳಿಯ ಮೇಲೆ ಕಾವಲು ನಿಂತರು. ಕೆರೆಗೆ ದನ ಬಿಡದೆ ಕೊಡದಲ್ಲಿ ನೀರು ಹೊತ್ತು ಹಾಕಿದರು. ಆ ಬಿಸಿಲಿನಲ್ಲಿ ಒಂದೊಂದು ಎತ್ತಿಗೆ ನೀರು ಹೊತ್ತವರಿಗೆ ಗೊತ್ತು ಆ ಕಷ್ಟ. ಪಕ್ಕದೂರಿನ ಬೀಗರು ಬಂಡಿಯಲ್ಲಿ ಬಂದರೆ ಊರ ಹೊರಗೇ ಎತ್ತು ಬಿಚ್ಚಿಸಿ, ಬೈಸಿಕೊಂಡು, ವಾಪಸು ಕಳಿಸಿದರು. ಅತ್ತೆಯಂತೂ ಕೆಂದಾಕಳ ಹತ್ತಿರ ನೊಣವನ್ನೂ ಬಿಡುತ್ತಿರಲಿಲ್ಲ. ಕೂಸಿನ ಹಾಲು ಎಂದರೆ ಅವರ ಪ್ರಾಣ.

ಹಾಗಿರುವಾಗ ಒಂದು ಮುಂಜಾನೆ ಬಸವಣ್ಣ ಗುಡ್ಡ ಇಳಿದು ಬಂದ.

ಕಂಟಿಯ ಹತ್ತಿರ ಕಾವಲಿದ್ದವರು ಅವನನ್ನು ದೂರದಿಂದಲೇ ಕಂಡರಂತೆ. ಕಂಡು ಏನು ಮಾಡಿದರು? ಅವನ ಕಾಲಿಗೆ ಮುಳ್ಳು ಚುಚ್ಚಬಾರದೆಂದು ತಮ್ಮ ಕೈಯಾರೆ ಕಂಟಿ ಎಳೆದು ದಾರಿ ಬಿಟ್ಟರು, ಕೈ ಮುಗಿದರು, ಅವನು ದಾಟಿದ ಮೇಲೆ ಮತ್ತೆ ಕಂಟಿ ಹಾಕಿ ಭದ್ರ ಮಾಡಿದರು! ಅಷ್ಟೂ ಕೆಲಸವನ್ನು ಬಹಳ ನಿಷ್ಠೆಯಿಂದ ಮಾಡಿದರು. ಇದನ್ನು ಬರೆಯುವಾಗ ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ನನಗೆ ತಿಳಿಯುವುದಿಲ್ಲ.

"ಬಸವಣ್ಣ ಬಂದ, ಬಸವಣ್ಣ ಬಂದ" ಎಂದು ಓಣಿಯಲ್ಲಿ ಕೂಗೆದ್ದಿತು. ಊರಿಗೆ ಕಂಟಕ ಬಂದ ಹೊತ್ತಿನಲ್ಲಿ ಕರೆಯದೆ ದೇವರೇ ಬಂದಿದ್ದಾನೆ ಎಂದು ಕೆಲವು ಹೆಂಗಸರ ಕಣ್ಣಲ್ಲಿ ನೀರು ಬಂತು. ಅತ್ತೆ ಗಡಬಡಿಸಿ ಬುಟ್ಟಿ ತುಂಬಿದರು. ಎಂದೂ ಹಾಕದಷ್ಟು ಹತ್ತಿಕಾಳು ಹಾಕಿದರು. ಬಸವಣ್ಣ ನಮ್ಮ ಬಾಗಿಲ ಮುಂದೆ ನಿಂತಾಗ ನಾನು ಅವನ ಮುಖ ನೋಡಿದೆ. ಎರಡೂ ಕಣ್ಣುಗಳಿಂದ ನೀರು ಇಳಿದು ಕೆನ್ನೆಯ ಕೂದಲು ಒದ್ದೆಯಾಗಿತ್ತು. ಮೂಗು ಸೋರುತ್ತಿತ್ತು, ಬಾಯಿಯಿಂದ ಜೊಲ್ಲು ಎಳೆಯಾಗಿ ಜೋತಿತ್ತು.

"ಅತ್ತೀ, ಮೂಗು ಸೋರಾಕ ಹತ್ತೇತಲ್ರಿ. ಡಾಕ್ಟರ್ ಏನ್ ಹೇಳಿದ್ರು?" ಎಂದೆ.

"ಬಿಸಲಾಗ ಅಷ್ಟ ದೂರದಿಂದ ಬಂದಾನ. ದಣದಾನ."

"ಗುಡ್ಡದಿಂದ ಏನೂ ಬರಬಾರದು ಅಂದಾರ್ರಿ."

"ಅಯ್ಯ, ನಿನ್ನ ಬಾಯಿಗೆ ಏನರ ತುರಕಲೇನ? ಅವ್ರು ಹೇಳಿದ್ದು ದನದ ಮಾತು. ಇವ ದನ ಏನಲೇ? ನಿನ್ನ ಗಂಡನ್ನ ಉಳಿಸಿದಾಂವ ಇವ. ಕೈ ಮುಗಿ ಮೊದ್ಲ."

ನಾನು ಕೈ ಮುಗಿದೆ. ಬೆಟಗೇರಿಯ ಮಗ್ಗದ ಹುಡುಗಿಗೆ ದನದ ಸಂಗತಿ ಅತ್ತೆಗಿಂತ ಹೆಚ್ಚು ಗೊತ್ತೇ ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆ ತಮ್ಮ ಸೆರಗಿನಿಂದ ಬಸವಣ್ಣನ ಕಣ್ಣು ಒರೆಸಿದರು, ಮೂಗು ಒರೆಸಿದರು, ಕೊರಳ ಕೆಳಗಿನ ಗಂಗೆದೊಗಲು ನೇವರಿಸಿದರು. ಬಸವಣ್ಣ ಬುಟ್ಟಿಯಲ್ಲಿ ಮೂತಿ ಇಟ್ಟ, ತಿನ್ನಲಾಗಲಿಲ್ಲ, ಕಾಳಿನ ಮೇಲೆಲ್ಲ ಜೊಲ್ಲು ಸುರಿಸಿ ತಲೆ ಎತ್ತಿದ. ಬುಟ್ಟಿ ತುಂಬಿದ ಹಾಗೇ ಉಳಿಯಿತು. "ನೋಡು, ಈ ಸಲ ಎಷ್ಟ ಪರಸಾದ ಬಿಟ್ಟ ಹೋದ. ಕೂಸಿನ ಪುಣ್ಯೇ" ಎಂದು ಅತ್ತೆ ಹಿಗ್ಗಿದರು. ಎತ್ತುಗಳಿಗೆ ಒಂದೊಂದು ಹಿಡಿ ಹಾಕಿದರು. ಮಿಕ್ಕಿದ್ದೆಲ್ಲ ಕೆಂದಾಕಳಿಗೆ, ಅದರ ಕರುವಿಗೆ. ಬಸವಣ್ಣ ಬೇರೆ ಮನೆಗಳ ಮುಂದೆಯೂ ಹಾಗೇ ಮೂತಿ ಇಟ್ಟು, ಎತ್ತಿ, ಸಂಜೆಗೆ ಮತ್ತೆ ಗುಡ್ಡದ ದಾರಿ ಹಿಡಿದ. ಕಾವಲಿನವರು ಮತ್ತೆ ಕಂಟಿ ಎಳೆದು ದಾರಿ ಬಿಟ್ಟರು.

ಒಂದು ವಾರ ತುಂಬುವ ಮೊದಲೇ ಕೆಂದಾಕಳು ಮೇವು ಬಿಟ್ಟಿತು. ಬೆಳಿಗ್ಗೆ ಅತ್ತೆ ಹಿಂಡಲು ಕುಳಿತವರು ಬಹಳ ಹೊತ್ತು ಏಳಲಿಲ್ಲ. ಹೋಗಿ ನೋಡಿದರೆ ತಂಬಿಗೆಯ ತಳದಲ್ಲಿ ಒಂದು ಗುಟುಕು ಹಾಲು. ಅತ್ತೆ ಕೆಚ್ಚಲಿಗೆ ಬಿಸಿನೀರು ಹಾಕಿ, ತಿಕ್ಕಿ, ಎಳೆದರು. ಆಕಳು ತಲೆ ತಿರುಗಿಸಿ ಅವರನ್ನೇ ನೋಡುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆ ಒಂದು ಗುಟುಕಿಗೆ ಗಂಜಿ ಬೆರೆಸಿ ಕೂಸಿಗೆ ಕುಡಿಸಿದೆವು. ಮಧ್ಯಾಹ್ನದ ಹೊತ್ತಿಗೆ ಅದು ಹಸಿದು ಕಿರುಚತೊಡಗಿತು. ನೆರೆಮನೆಗೆ ಹಾಲು ಕೇಳಲು ಹೋದರೆ ಅಲ್ಲೂ ಎಮ್ಮೆ ಮಲಗಿತ್ತು, ಆ ಮನೆಯ ಹೆಂಗಸು ತಲೆ ಮೇಲೆ ಕೈ ಹೊತ್ತು ಕುಳಿತಿದ್ದಳು.

ಮರುದಿನ ಡಾಕ್ಟರು ಮದ್ದು ತಂದರು. ನಮ್ಮ ಬಾಗಿಲಿಗೇ ಮೊದಲು ಬಂದರು. ಕೆಂದಾಕಳ ಬಾಯಿ ಅಗಲಿಸಿ ನೋಡಿದರು. ನಾನೂ ಬಗ್ಗಿ ನೋಡಿದೆ. ಒಸಡಿನ ಮೇಲೆ, ತುಟಿಯ ಒಳಗೆ ತೌಡು ಉದುರಿಸಿದ ಹಾಗೆ ಬೆಳ್ಳಗೆ ಅಂಟಿಕೊಂಡಿತ್ತು, ಕೆಟ್ಟ ನಾತ. ಡಾಕ್ಟರು ಕೈ ತೊಳೆದುಕೊಂಡು, ಇದಕ್ಕೆ ಚುಚ್ಚಿ ಪ್ರಯೋಜನವಿಲ್ಲ, ಬೇನೆ ಬಂದಾಗಿದೆ, ಬರದೇ ಇದ್ದವಕ್ಕಷ್ಟೇ ಮದ್ದು ಎಂದರು. ಆಮೇಲೆ ಅವರಿಗೇ ಅರ್ಥವಾಗದೆ ಸುತ್ತಲೂ ನೋಡಿದರು.

"ನೀವು ಇಷ್ಟ ಚಂದ ಬಂದೋಬಸ್ತ ಮಾಡೀರಿ. ಮತ್ತ ಹೆಂಗ ಬಂತು? ಗುಡ್ಡದಿಂದ ಯಾವುದರ ದನಾ ಬಂದಿತ್ತೇನು?"

"ಇಲ್ರಿ. ಒಂದೂ ಬಂದಿಲ್ರಿ" ಎಂದರು ಅತ್ತೆ. ಶಿವನ ಮುಂದೆ ನಿಂತು ಹೇಳುವಷ್ಟು ಖರೆ ಮನಸ್ಸಿನಿಂದ ಹೇಳಿದರು.

ನನಗೆ ತಡೆಯಲಾಗಲಿಲ್ಲ. ಕೂಸು ನನ್ನ ಹೆಗಲ ಮೇಲೆ ಅತ್ತು ಅತ್ತು ದನಿ ಬಿದ್ದು ಹೋಗಿತ್ತು. "ಬಸವಣ್ಣ ಬಂದಿದ್ನಲ್ರಿ" ಎಂದೆ.

ಡಾಕ್ಟರು ನನ್ನ ಕಡೆ ತಿರುಗಿದರು. "ಬಸವಣ್ಣ ಅಂದ್ರ?"

ನಮ್ಮವರು ಹೇಳಿದರು. ಗೂಳಿ, ಗುಡ್ಡದಿಂದ ಇಳಿದದ್ದು, ಬುಟ್ಟಿ, ಪರಸಾದ, ಎಲ್ಲ. ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮೇಲೆ ಕುಳಿತು, ಹೊಳೆಯಾಚೆಯಿಂದ ಬಂದ ಮಂದೆಯ ಬೇನೆ ಹೊಂಡದಲ್ಲಿ ಹಂದಿಗಳಿಗೆ ತಾಗಿರಬೇಕು, ಹಂದಿಗಳಿಂದ ನಿಮ್ಮ ಗೂಳಿಗೆ ಎಂದು ಮೆಲ್ಲಗೆ ಹೇಳಿದರು. ಪಾಪ, ಹಂದಿಗಳನ್ನು ಬೈದು ಏನು ಫಲ? ಅವು ನಮ್ಮ ಮನೆಯ ತನಕ ಬಂದಿರಲಿಲ್ಲ. ನಾವು ಎದುರುಗೊಂಡು, ಆರತಿ ಎತ್ತುವುದೊಂದು ಬಾಕಿ, ಅವುಗಳ ಬೇನೆಯನ್ನು ಬುಟ್ಟಿಯಲ್ಲಿ ಹಿಡಿದು ಒಳಗೆ ತಂದಿದ್ದೆವು.

ಅತ್ತೆ ತಮ್ಮ ಎರಡೂ ಅಂಗೈ ನೋಡಿಕೊಂಡರು. ಆಮೇಲೆ ನನ್ನ ಹೆಗಲ ಮೇಲಿದ್ದ ಕೂಸನ್ನು ನೋಡಿದರು. ಎತ್ತಿಕೊಳ್ಳಲು ಕೈ ಚಾಚಿದವರು ಹಾಗೇ ಹಿಂದಕ್ಕೆ ಎಳೆದುಕೊಂಡರು. "ಮನಶ್ಯಾರಿಗೆ ತಾಗೂದಿಲ್ರಿ ಇದು" ಎಂದರು ಡಾಕ್ಟರು. ಆದರೂ ಅತ್ತೆ ಎತ್ತಿಕೊಳ್ಳಲಿಲ್ಲ.

ಅವತ್ತು ಬಸವಣ್ಣ ಮುಟ್ಟದೆ ಹೋಗಿದ್ದ ಕೆಲವು ಮನೆಗಳಲ್ಲಿ ದನಗಳು ಇನ್ನೂ ನೆಟ್ಟಗಿದ್ದವು. ಅವಕ್ಕೆ ಚುಚ್ಚಿದರು. ಆ ಮದ್ದು ಮೈಗೆ ಹತ್ತಲು ದಿನಗಳು ಬೇಕು, ಅಲ್ಲಿಯ ತನಕ ಆ ಗೂಳಿಯನ್ನು ಊರೊಳಗೆ ಬಿಡಲೇಬೇಡಿ ಎಂದು ಡಾಕ್ಟರು ಕೈ ಮುಗಿದು ಹೇಳಿ ಹೋದರು. ಗಂಡಸರು ತಲೆಯಾಡಿಸಿದರು. ತಲೆಯಾಡಿಸುವುದು ಸುಲಭ, ಬಸವಣ್ಣನನ್ನು ತಡೆಯುವವರು ಯಾರು?

ಅವನು ಆ ಸಂಜೆಯೇ ಬಂದ. ಕಾಲು ಎಳೆಯುತ್ತ, ಹಿಂಭಾಗವೆಲ್ಲ ಭೇದಿಯಿಂದ ಹೊಲಸಾಗಿ, ಬೆಳ್ಳಗಿನ ಮೈ ಚರ್ಮ ಮೂಳೆಯಾಗಿ ಬಂದ. ಕಾವಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಹಿರಿಯ ಕಂಟಿಗೆ ಕೈ ಹಾಕಿದ. ಅಷ್ಟರಲ್ಲಿ ಅತ್ತೆ ಅಲ್ಲಿಗೆ ಮುಟ್ಟಿದ್ದರು. ಸುದ್ದಿ ಕೇಳಿ ಬರಿಗಾಲಲ್ಲಿ ಓಡಿ ಬಂದಿದ್ದರು, ನಾವು ಹಿಂದಿಂದೆ ಬಂದಿದ್ದೆವು.

"ಕಂಟಿ ಮುಟ್ಟಬ್ಯಾಡ್ರಿ" ಎಂದರು.

"ಯವ್ವಾ, ಹಸದ ಬಂದಾನ ದೇವರು. ತಡದ್ರ ಊರಿಗೆ ಒಳ್ಳೇದಾಗೂದಿಲ್ಲ" ಎಂದ ಆ ಹಿರಿಯ.

"ಬಿಟ್ಟಾಕಿ ನಾನು, ತಡ್ಯಾಕಿನೂ ನಾನ. ಪಾಪ ಇದ್ರ ನನಗ ಬರಲಿ. ಈಗರ ಏನ್ ಉಳದೈತಿ ನನಗ?"

ಆ ಹಿರಿಯ ಕಂಟಿಯಿಂದ ಕೈ ತೆಗೆದ. ಬಸವಣ್ಣ ಕಂಟಿಯ ಆಚೆ ನಿಂತು ದಾರಿ ಬಿಡಲೆಂದು ಕಾದ. ಅವನಿಗೆ ಯಾರೂ ಎಂದೂ ಅಡ್ಡ ನಿಂತಿರಲಿಲ್ಲ. ಒಮ್ಮೆ ಸಣ್ಣಗೆ ಒದರಿದ. ಆಮೇಲೆ ಮುಂಗಾಲು ಮಡಚಿ ಅಲ್ಲೇ ಮಲಗಿದ. ನೀರು ಕೊಟ್ಟು ಬರುತ್ತೇನೆ ಎಂದು ನಮ್ಮವರು ಕೊಡ ಎತ್ತಿಕೊಂಡರು. "ನೀ ಹೋಗಿ ಬಂದ್ರ ಮತ್ತ ಎತ್ತಿನ ಹತ್ತರ ಹೋಗ್ತಿ. ಬ್ಯಾಡೋ ನನ್ನಪ್ಪಾ" ಎಂದರು ಅತ್ತೆ. ತಾವು ಕಂಟಿಯ ಈಚೆ ಮಣ್ಣಿನಲ್ಲಿ ಕುಳಿತರು. ಅವನಿಗೂ ಅವರಿಗೂ ನಡುವೆ ಒಂದು ಮಾರು ಮುಳ್ಳು. ಕತ್ತಲಾಗುವ ಮುಂಚೆಯೇ ಅವನ ಉಸಿರು ನಿಂತಿತು. ಹರಕೆ ಹೊತ್ತು ಬಿಟ್ಟ ಕೈಗಳು, ಮಗನಿಗಿಂತ ಹೆಚ್ಚಾಗಿ ನೇವರಿಸಿದ ಕೈಗಳು, ಒಂದು ಹನಿ ನೀರು ಕೊಡದೆ ಅವನನ್ನು ಕಳಿಸಿದವು. ಮುಂದಿನ ಎರಡು ದಿನಗಳಲ್ಲಿ ಕೆಂದಾಕಳು ಹೋಯಿತು. ಅದರ ಕರು, ನಮ್ಮದೊಂದು ಎತ್ತು ಅದರ ಬೆನ್ನಿಗೇ ಹೋದವು. ಊರಲ್ಲಿ ಹೆಚ್ಚಿನ ಮನೆಗಳ ಗೋದಲಿ ಬರಿದಾದವು. ಹೂಳುವ ಕುಣಿ ತೋಡಿ ತೋಡಿ ಗಂಡಸರ ಕೈಯಲ್ಲಿ ಬೊಬ್ಬೆ ಎದ್ದವು.

ನನ್ನ ಮಗಳು ಉಳಿದದ್ದು ಆಡಿನ ಹಾಲಿನಿಂದ. ಊರಲ್ಲಿ ಹಾಲು ಎನ್ನುವುದೇ ಇರಲಿಲ್ಲ. ಗಂಜಿ ಕುಡಿಸಿದರೆ ಕೂಸು ಕಾರಿಕೊಳ್ಳುತ್ತಿತ್ತು. ನಡುನೆತ್ತಿ ತಗ್ಗಿತ್ತು, ಅಳುವುದಕ್ಕೂ ಕಸುವಿರಲಿಲ್ಲ. ಬೆಟಗೇರಿಗೆ ಒಯ್ಯೋಣವೆಂದರೆ ಬಂಡಿ ಹೂಡುವಂತಿಲ್ಲ, ಆ ಬಿಸಿಲಿನಲ್ಲಿ ಅಷ್ಟು ದೂರ ಹೊತ್ತೊಯ್ದರೆ ದಾರಿಯಲ್ಲೇ ಮುಗಿಯುತ್ತಿತ್ತು. ಶಿರಹಟ್ಟಿಯ ಕಡೆಯ ಬಯಲಿನಲ್ಲಿ ಕುರಿಗಾರರ ಹಟ್ಟಿ ಇದೆ, ಅವರಲ್ಲಿ ಆಡುಗಳಿವೆ ಎಂದು ಯಾರೋ ಹೇಳಿದರು. ಅತ್ತೆ ಒಂದು ತಂಬಿಗೆ ಹಿಡಿದು ಎದ್ದರು. ನಾನು ಕೂಸಿಗೆ ಒದ್ದೆ ಬಟ್ಟೆ ಸುತ್ತಿ ಹಿಂದೆ ಹೊರಟೆ.

ಹಟ್ಟಿಯ ಸುತ್ತಲೂ ಮುಳ್ಳಿನ ಬೇಲಿ. ನಾವು ಇನ್ನೂ ದೂರವಿರುವಾಗಲೇ ಒಬ್ಬ ಹೆಣ್ಣುಮಗಳು ಕೈ ಅಡ್ಡ ಮಾಡಿ ಬೇಲಿಯ ಬಾಯಲ್ಲಿ ನಿಂತಳು. "ಅಲ್ಲೇ ನಿಂದರ್ರಿ! ಯಾವೂರವ್ರು?"

ಅತ್ತೆ ಊರ ಹೆಸರು ಹೇಳಿದರು. ಅವಳ ಮುಖ ಬಿಗಿಯಾಯಿತು. "ನಿಮ್ಮೂರಾಗ ದೊಡ್ಡ ಬ್ಯಾನಿ ಐತಿ. ಒಳಗ ಬರಬ್ಯಾಡ್ರಿ."

ನನಗೆ ನಖಶಿಖಾಂತ ಉರಿಯಿತು. "ನಾವೇನ್ ದನ ಅದೀವೇನವಾ? ಕೂಸು ಸಾಯಾಕ ಹತ್ತೇತಿ, ಕಾಣೂದಿಲ್ಲೇನು?" ಎಂದು ಕೂಗಿದೆ.

"ಕಾಣತೈತ್ರಿ. ನಾನೂ ಹಡದಾಕಿ ಅದೀನಿ. ಆದ್ರ ನಿಮ್ಮೂರ ಮಣ್ಣು ನಿಮ್ಮ ಕಾಲಾಗ ಐತಿ. ನನ್ನ ಕುರಿ, ಆಡು ಹ್ವಾದ್ರ ನನ್ನ ಮಕ್ಕಳಿಗೆ ಏನ್ ಹಾಕ್ಲಿ?"

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ತೋಳು ಹಿಡಿದರು. ಮುಂದೆ ಹೋಗಲಿಲ್ಲ, ಬೇಡಿಕೊಳ್ಳಲಿಲ್ಲ. ಇದ್ದ ಜಾಗದಿಂದ ಇನ್ನೂ ಕೆಲವು ಹೆಜ್ಜೆ ಹಿಂದೆ ಸರಿದು, ನನ್ನನ್ನೂ ಎಳೆದುಕೊಂಡು ನಿಂತರು. ಆ ಹೆಣ್ಣುಮಗಳು ಒಂದು ಗಳಿಗೆ ನಮ್ಮನ್ನೇ ನೋಡಿದಳು. ಒಳಗೆ ಹೋಗಿ ಒಂದು ಆಡು ಹಿಂಡಿ, ಮಣ್ಣಿನ ಕುಡಿಕೆಯಲ್ಲಿ ಹಾಲು ತಂದು, ಬೇಲಿಯ ಹೊರಗಿನ ಬಂಡೆಯ ಮೇಲಿಟ್ಟು ಹಿಂದೆ ಹೋದಳು. "ಕುಡಿಕಿ ತಿರುಗಿ ಕೊಡಬ್ಯಾಡ್ರಿ, ಒಡದ ಹಾಕ್ರಿ. ದಿನಾ ಬರ್ರಿ, ಇಲ್ಲೇ ಇಡ್ತೀನಿ. ಸಿಟ್ಟ ಆಗಬ್ಯಾಡ್ರಿ ಯವ್ವಾ" ಎಂದಳು.

ಅಲ್ಲೇ ಬಯಲಲ್ಲಿ ಕುಳಿತು, ಸೆರಗು ನೆರಳು ಮಾಡಿ, ನಾನು ಬೆರಳಿನಿಂದ ಹಾಲು ಹನಿಸಿದೆ. ಮೊದಲ ಹನಿಗಳು ಕಟವಾಯಿಯಿಂದ ಹೊರಗೆ ಹರಿದವು. ಆಮೇಲೆ ಕೂಸು ನುಂಗಿತು. ಅತ್ತೆ ಅದು ನುಂಗುವುದನ್ನೇ ನೋಡುತ್ತ ನಿಂತಿದ್ದರು. ಕುಡಿಕೆ ಖಾಲಿಯಾದ ಮೇಲೆ ಬೇಲಿಯ ಕಡೆ ತಿರುಗಿ, ದೂರದಿಂದಲೇ ಆ ಹೆಣ್ಣುಮಗಳಿಗೆ ಹೇಳಿದರು:

"ಸಿಟ್ಟ ಯಾಕವಾ? ಚಲೋ ಮಾಡಿದಿ. ಅವತ್ತ ನನ್ನ ಬಾಗಲಾಗ ನಾನೂ ಹಿಂಗ ನಿಂತಿದ್ರ, ನನ್ನ ಕೂಸು ನಿನ್ನ ಬೇಲಿ ತನಕ ಬರತಿದ್ದಿಲ್ಲ."